‘ಎಸಿ’ ಎಂದರೆ ಯಾವ ಎಸಿ?

(ಪದವಿ ಕಾಲೇಜೊಂದರ ಕನ್ನಡ ಸಂಘದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಬರಹಕ್ಕಿಳಿಸುವಾಗ ಅಲ್ಲಲ್ಲಿ ವಿಸ್ತರಿಸಿದ್ದೇನೆ. ಕೊನೆಯಲ್ಲಿ ಸಭಿಕರ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನೂ ಸೇರಿಸಿದ್ದೇನೆ.)

ಅಧ್ಯಕ್ಷರೇ, ಅಧ್ಯಾಪಕ ಮಿತ್ರರೇ, ವಿದ್ಯಾರ್ಥಿಗಳೇ,

ವಿಧಾನಸಭಾ ಚುನಾವಣೆ ಘೋಷಣೆಯಾದ ದಿನಗಳಲ್ಲಿ ನಮ್ಮ ಯಾವುದಾದರೂ ತಾಲ್ಲೂಕು ಕಚೇರಿಗೆ ಹೋದರೆ ‘ಈ ಸಲ ನಮ್ಮ ಎಸಿಗೆ ಎಸಿಯವರೇ ಆರ್‌ಒ’ ಎಂಬಂಥ ಮಾತು ಕಿವಿಗೆ ಬೀಳಬಹುದು. ಕಚೇರಿಯವರಿಗೆ ಇದರಲ್ಲಿ ಗೊಂದಲವೇನೂ ಇಲ್ಲ. ಮೊದಲನೆಯ ಎಸಿ ವಿಧಾನಸಭಾ ಕ್ಷೇತ್ರ, ಅಂದರೆ ಅಸೆಂಬ್ಲಿ ಕಾನ್‌ಸ್ಟಿಟ್ಯುಯೆನ್ಸಿ. ಎರಡನೆಯದು ಅಸಿಸ್ಟೆಂಟ್ ಕಮಿಷನರ್, ಅಂದರೆ ಉಪವಿಭಾಗಾಧಿಕಾರಿ. ಆರ್‌ಒ ಎಂದರೆ ರಿಟರ್ನಿಂಗ್ ಆಫೀಸರ್, ನಾವು ಕನ್ನಡದಲ್ಲಿ ಚುನಾವಣಾಧಿಕಾರಿ ಎನ್ನುವವರು. ಆದರೆ ಅದೇ ಮಾತನ್ನು ಹೊರಗಿನ ಬೆಂಚಿನ ಮೇಲೆ ಪಹಣಿ ತಿದ್ದುಪಡಿಗಾಗಿ ಕಾದು ಕುಳಿತ ರೈತರೊಬ್ಬರು ಕೇಳಿದರೆ, ಅವರ ಊರಿನಲ್ಲಿ ಆರ್‌ಒ ಎಂದರೆ ಐದು ರೂಪಾಯಿ ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕ. ಎಸಿ ಎಂದರೆ ಬ್ಯಾಂಕಿನ ಎಟಿಎಂ ಕೋಣೆಯಲ್ಲಿ ತಣ್ಣಗೆ ಬೀಸುವ ಯಂತ್ರ. ವಾಕ್ಯ ಒಂದೇ, ಆದರೆ ಗೋಡೆಯ ಒಳಗೆ ಅದಕ್ಕೆ ಅರ್ಥವಿದೆ, ಹೊರಗೆ ಇಲ್ಲ.

ಇವತ್ತು ನಾನು ಮಾತನಾಡಬೇಕೆಂದಿರುವುದು ಈ ಎಸಿ ಎಂಬ ಎರಡಕ್ಷರದ ಬಗ್ಗೆ ಮಾತ್ರ. ಸಂಕ್ಷಿಪ್ತ ರೂಪಗಳ ಬಗ್ಗೆ ಸಾಮಾನ್ಯ ತತ್ತ್ವ ಹೇಳುವುದಕ್ಕಿಂತ, ಒಂದನ್ನೇ ಹಿಡಿದು ಅದು ಯಾವ ಯಾವ ಮನೆಗಳಲ್ಲಿ ವಾಸವಾಗಿದೆ, ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲಿ ಏನಾಗುತ್ತದೆ ಎಂದು ನೋಡುವುದು ಹೆಚ್ಚು ಉಪಯುಕ್ತ ಎಂದು ನನಗನ್ನಿಸುತ್ತದೆ.

ಮೊದಲು ಒಂದು ಲೆಕ್ಕ. ಇಂಗ್ಲಿಷಿನಲ್ಲಿ ಇರುವುದು 26 ಅಕ್ಷರಗಳು. ಎರಡೆರಡನ್ನು ಜೋಡಿಸಿದರೆ ಸಿಗುವ ಜೋಡಿಗಳು 676, ಅಷ್ಟೇ. ಆಡಳಿತ, ವೈದ್ಯಕೀಯ, ಕಾನೂನು, ವಿದ್ಯುತ್ತು, ರಸಾಯನ, ಬ್ಯಾಂಕು, ಸೈನ್ಯ, ಹವಾಮಾನ ಇವೆಲ್ಲವೂ ತಮ್ಮ ತಮ್ಮ ಸಾವಿರಾರು ಪದಗಳಿಗೆ ಗಿಡ್ಡ ಹೆಸರುಗಳನ್ನು ಈ 676ರಲ್ಲೇ ಹುಡುಕಿಕೊಳ್ಳಬೇಕು. ಅದರಲ್ಲೂ ಲ್ಯಾಟಿನ್ ಮೂಲದ ಶಾಸ್ತ್ರೀಯ ಪದಗಳು ಎ, ಸಿ, ಪಿ, ಎಸ್‌ಗಳಿಂದ ಶುರುವಾಗುವುದು ಹೆಚ್ಚು. ಕ್ಯೂ, ಎಕ್ಸ್, ಝಡ್‌ಗಳ ಹತ್ತಿರ ಸುಳಿಯುವುದು ಕಡಿಮೆ. ಹೀಗಾಗಿ ಎಸಿ, ಪಿಸಿ, ಸಿಸಿ, ಪಿಎಸ್ ಇಂಥ ಜೋಡಿಗಳ ಮೇಲೆ ವಿಪರೀತ ಹೊರೆ ಬೀಳುತ್ತದೆ. ಯಾರೂ ಬೇಕೆಂದು ಗೊಂದಲ ಮಾಡಿದ್ದಲ್ಲ. ಒಂದು ಕ್ಷೇತ್ರ ತನ್ನ ಸಂಕ್ಷೇಪ ರೂಪಿಸಿಕೊಳ್ಳುವಾಗ ಪಕ್ಕದ ಕ್ಷೇತ್ರವನ್ನು ಕೇಳುವ ಪದ್ಧತಿಯೇ ಇಲ್ಲ, ಕೇಳಬೇಕಾದ ಅಗತ್ಯವೂ ಆಗ ಇರುವುದಿಲ್ಲ.

ಕರ್ನಾಟಕದಲ್ಲಿ ಜಮೀನು ಇದ್ದವರಿಗೆ ಎಸಿ ಎಂದರೆ ಮೊದಲು ನೆನಪಾಗುವುದು ಉಪವಿಭಾಗಾಧಿಕಾರಿಯೇ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ ಶ್ರೇಣಿಯಲ್ಲಿ ತಹಶೀಲ್ದಾರರ ಮೇಲೆ, ಜಿಲ್ಲಾಧಿಕಾರಿಯ ಕೆಳಗೆ ಇರುವ ಹುದ್ದೆ ಇದು. ಕೆಲವು ತಾಲ್ಲೂಕುಗಳು ಸೇರಿದರೆ ಒಂದು ಉಪವಿಭಾಗ. ಅದರ ಮುಖ್ಯಸ್ಥರು ಇವರು. ಐಎಎಸ್ ತರಬೇತಿ ಮುಗಿಸಿ ಬರುವ ಅಧಿಕಾರಿಗಳ ಮೊದಲ ಹುದ್ದೆ ಬಹುಮಟ್ಟಿಗೆ ಇದೇ ಆಗಿರುವುದರಿಂದ, ಹಳ್ಳಿಯ ಜನ ಕಣ್ಣಾರೆ ಕಾಣುವ ಐಎಎಸ್ ಅಧಿಕಾರಿ ಸಾಮಾನ್ಯವಾಗಿ ಎಸಿ ಸಾಹೇಬರೇ. ಖಾತೆ ಬದಲಾವಣೆಯಲ್ಲಿ ತಹಶೀಲ್ದಾರ್ ಹಂತದ ಆದೇಶ ಒಪ್ಪದವರು ಅದೇ ಕಾಯ್ದೆಯ 136ನೇ ಕಲಮಿನಡಿ 60 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬೇಕಾದದ್ದು ಇವರ ಮುಂದೆ. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಮಂಜೂರಾದ ಭೂಮಿ ಪರಭಾರೆಯಾಗಿದ್ದರೆ ಅದನ್ನು ಮರಳಿ ಕೊಡಿಸುವ, ಜನ ಪಿಟಿಸಿಎಲ್ ಎಂದೇ ಕರೆಯುವ 1978ರ ಕಾಯ್ದೆಯ ಪ್ರಕರಣಗಳು ಬರುವುದೂ ಇವರ ಮುಂದೆ. ಹೆತ್ತವರನ್ನು ನೋಡಿಕೊಳ್ಳದ ಮಕ್ಕಳ ವಿರುದ್ಧ 2007ರ ಹಿರಿಯ ನಾಗರಿಕರ ಕಾಯ್ದೆಯಡಿ ವಿಚಾರಣೆ ನಡೆಸುವ ನ್ಯಾಯಮಂಡಳಿಯ ಅಧ್ಯಕ್ಷತೆಯೂ ನಮ್ಮಲ್ಲಿ ಇವರದೇ. ಇಷ್ಟೆಲ್ಲ ವಿಚಾರಣೆ ನಡೆಯುವ ಜಾಗಕ್ಕೆ ಜನರ ಬಾಯಲ್ಲಿ ‘ಎಸಿ ಕೋರ್ಟು’ ಎಂಬ ಹೆಸರು. ಆ ಕೋರ್ಟು ತಂಪಾಗಿರುತ್ತದೆ ಎಂದೇನೂ ಅಲ್ಲ.

ಇದೇ ಹುದ್ದೆಗೆ ಗಡಿ ದಾಟಿದರೆ ಹೆಸರು ಬೇರೆ. ಆಂಧ್ರ, ತೆಲಂಗಾಣಗಳಲ್ಲಿ ಆರ್‌ಡಿಒ; ಕಾಸರಗೋಡಿನ ಕನ್ನಡಿಗರು ಜಮೀನಿನ ತಗಾದೆಗೆ ಹೋಗುವುದೂ ಆರ್‌ಡಿಒ ಕಚೇರಿಗೆ. ಮಹಾರಾಷ್ಟ್ರದಲ್ಲಿ ಪ್ರಾಂತ ಅಧಿಕಾರಿ. ಉತ್ತರದ ರಾಜ್ಯಗಳಲ್ಲಿ ಎಸ್‌ಡಿಎಂ. ಎಸಿ ಎಂಬ ಎರಡಕ್ಷರ ಒಂದು ಭಾಷೆಯದ್ದೂ ಅಲ್ಲ, ಒಂದು ದೇಶದ್ದೂ ಅಲ್ಲ, ಒಂದು ರಾಜ್ಯದ ಕಂದಾಯ ಇಲಾಖೆಯದ್ದು. ಅದೇ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಗೆ ಹೋದರೆ ಅಲ್ಲಿಯೂ ಅಸಿಸ್ಟೆಂಟ್ ಕಮಿಷನರ್ ಇದ್ದಾರೆ, ಆದರೆ ಕೆಲಸ ಪೂರ್ತಿ ಬೇರೆ. ಪೊಲೀಸರು ಜಾಣರು, ತಮ್ಮವರಿಗೆ ಕೊನೆಯಲ್ಲಿ ಒಂದು ಪಿ ಸೇರಿಸಿ ಎಸಿಪಿ ಮಾಡಿಕೊಂಡರು.

ಇನ್ನು ವಿದ್ಯುತ್ತಿನ ಎಸಿ. ಆಲ್ಟರ್ನೇಟಿಂಗ್ ಕರೆಂಟ್, ಪಠ್ಯಪುಸ್ತಕದ ಕನ್ನಡದಲ್ಲಿ ಪರ್ಯಾಯ ವಿದ್ಯುತ್ ಪ್ರವಾಹ. ದಿಕ್ಕು ಬದಲಿಸುತ್ತ ಹರಿಯುವ ಈ ಪ್ರವಾಹ ನಮ್ಮ ಮನೆಗಳಲ್ಲಿ ಸೆಕೆಂಡಿಗೆ 50 ಆವರ್ತ ಪೂರೈಸುತ್ತದೆ. ಒಂದೇ ದಿಕ್ಕಿಗೆ ಹರಿಯುವುದು ಡಿಸಿ, ಅಂದರೆ ನೇರ ವಿದ್ಯುತ್ ಪ್ರವಾಹ. ಈ ಎಸಿಗೆ ಕರ್ನಾಟಕದೊಂದಿಗೆ ಇರುವ ಸಂಬಂಧ ಹಳೆಯದು, ಮತ್ತು ನನಗೆ ಪ್ರಿಯವಾದದ್ದು. 1902ರ ಜೂನ್ 30ರಂದು ಶಿವನಸಮುದ್ರದ ಕಾವೇರಿ ನೀರಿನಿಂದ ಉತ್ಪಾದಿಸಿದ ವಿದ್ಯುತ್ತು ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗಳಿಗೆ ಹರಿಯಿತು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ಯೋಜನೆಗೆ ಒತ್ತಾಸೆಯಾಗಿದ್ದ ದಿವಾನ್ ಶೇಷಾದ್ರಿ ಅಯ್ಯರ್ ಅದನ್ನು ನೋಡಲು ಇರಲಿಲ್ಲ. ಹಿಂದಿನ ವರ್ಷವೇ ತೀರಿಕೊಂಡಿದ್ದರು.

ಅಷ್ಟು ದೂರಕ್ಕೆ ಎಸಿಯೇ ಏಕೆ ಬೇಕಾಯಿತು? ತಂತಿಯಲ್ಲಿ ಪ್ರವಾಹ ಹೆಚ್ಚಿದಷ್ಟೂ ತಂತಿ ಬಿಸಿಯಾಗಿ ಶಕ್ತಿ ಪೋಲಾಗುತ್ತದೆ, ಅದೂ ವರ್ಗದ ಲೆಕ್ಕದಲ್ಲಿ. ವೋಲ್ಟೇಜನ್ನು ಹತ್ತು ಪಟ್ಟು ಏರಿಸಿದರೆ ಅಷ್ಟೇ ಶಕ್ತಿಯನ್ನು ಸಾಗಿಸಲು ಹತ್ತನೇ ಒಂದು ಪಾಲು ಪ್ರವಾಹ ಸಾಕು, ಪೋಲು ನೂರನೇ ಒಂದು ಪಾಲಿಗೆ ಇಳಿಯುತ್ತದೆ. ವೋಲ್ಟೇಜನ್ನು ಹೀಗೆ ಏರಿಸಿ, ಊರು ತಲುಪಿದ ಮೇಲೆ ಇಳಿಸುವ ಕೆಲಸವನ್ನು ಟ್ರಾನ್ಸ್‌ಫಾರ್ಮರ್ ಸುಲಭವಾಗಿ ಮಾಡುತ್ತದೆ. ಆದರೆ ಅದು ಕೆಲಸ ಮಾಡುವುದು ಎಸಿಯಲ್ಲಿ ಮಾತ್ರ. ಅಮೆರಿಕದಲ್ಲಿ ಎಡಿಸನ್ ಡಿಸಿಯ ಪರ ನಿಂತು, ವೆಸ್ಟಿಂಗ್‌ಹೌಸ್ ಮತ್ತು ಟೆಸ್ಲಾ ಎಸಿಯ ಪರ ನಿಂತು ನಡೆದ ಪೈಪೋಟಿಯಲ್ಲಿ ಎಸಿ ಗೆದ್ದದ್ದು ಮುಖ್ಯವಾಗಿ ಈ ಕಾರಣಕ್ಕೆ. ಕಂದಾಯ ಇಲಾಖೆಯಲ್ಲಿ ಎಸಿಗಿಂತ ಡಿಸಿ ದೊಡ್ಡವರು. ವಿದ್ಯುತ್ ಇಲಾಖೆಯಲ್ಲಿ ಬಹುಕಾಲ ಇದು ತಿರುಗುಮುರುಗಾಗಿತ್ತು.

ಬಹುಕಾಲ ಎಂದೆ, ಏಕೆಂದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ. ಅತಿ ದೂರಕ್ಕೆ, ಅತಿ ಹೆಚ್ಚಿನ ವೋಲ್ಟೇಜಿನಲ್ಲಿ ಸಾಗಿಸುವುದಾದರೆ ಡಿಸಿಯೇ ಲಾಭಕರ ಎಂಬ ಹಂತಕ್ಕೆ ಅರೆವಾಹಕ ತಂತ್ರಜ್ಞಾನ ನಮ್ಮನ್ನು ತಂದಿತು. 2003ರಲ್ಲಿ ಒಡಿಶಾದ ತಾಲ್ಚೇರ್‌ನಿಂದ ಸುಮಾರು 1,400 ಕಿ.ಮೀ. ದೂರ, 500 ಕಿಲೋವೋಲ್ಟ್ ಡಿಸಿ ಮಾರ್ಗವೊಂದು ವಿದ್ಯುತ್ತನ್ನು ಹೊತ್ತು ತಂದಿತು. ಅದು ಬಂದು ಮುಟ್ಟಿದ್ದು ಕೋಲಾರಕ್ಕೆ. ದೂರದ ಎಸಿಯನ್ನು ಇಷ್ಟು ಬೇಗ ಕಂಡ ಜಿಲ್ಲೆಗೆ ಒಂದು ಶತಮಾನದ ನಂತರ ದೂರದ ಡಿಸಿ ಬಂದದ್ದು ಕಾಕತಾಳೀಯವೇ ಇರಬಹುದು, ಆದರೂ ಕೋಲಾರದ ವಿದ್ಯಾರ್ಥಿಗಳಿಗೆ ಈ ಪಾಠ ಮಾಡುವ ಅಧ್ಯಾಪಕರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಅದೇ 1902ರಲ್ಲಿ, ಶಿವನಸಮುದ್ರದ ವಿದ್ಯುತ್ತು ಹರಿದ ಮೂರು ವಾರಗಳೊಳಗೆ, ಜುಲೈ 17ರಂದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿದ್ದ ಮುದ್ರಣಾಲಯವೊಂದಕ್ಕಾಗಿ ವಿಲಿಸ್ ಕ್ಯಾರಿಯರ್ ಎಂಬ ಯುವ ಎಂಜಿನಿಯರ್ ಒಂದು ಯಂತ್ರವ್ಯವಸ್ಥೆಯ ನಕ್ಷೆ ಸಿದ್ಧಪಡಿಸಿದರು. ಇದು ಮೂರನೆಯ ಎಸಿಯ ಜನ್ಮ. ಕೆಲಸಗಾರರಿಗೆ ತಂಪು ಕೊಡುವುದು ಅದರ ಉದ್ದೇಶವಾಗಿರಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಬಣ್ಣದ ಚಿತ್ರ ಅಚ್ಚಾಗುವಾಗ ಒಂದೇ ಹಾಳೆ ಬೇರೆ ಬೇರೆ ಬಣ್ಣಕ್ಕಾಗಿ ಹಲವು ಸಲ ಯಂತ್ರಕ್ಕೆ ಹೋಗುತ್ತದೆ. ನಡುವೆ ಗಾಳಿಯ ತೇವ ಬದಲಾದರೆ ಕಾಗದ ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ, ಬಣ್ಣದ ಮೇಲೆ ಬಣ್ಣ ಸರಿಯಾಗಿ ಕೂರುವುದಿಲ್ಲ. ಆ ತೇವವನ್ನು ಹದ್ದುಬಸ್ತಿನಲ್ಲಿ ಇಡಲು ಹುಟ್ಟಿದ ಯಂತ್ರ ಅದು. ಏರ್ ಕಂಡೀಷನಿಂಗ್ ಎಂಬ ಹೆಸರನ್ನು ಕೊಟ್ಟವರು ಕೂಡ ಕ್ಯಾರಿಯರ್ ಅಲ್ಲ. 1906ರಲ್ಲಿ ಬಟ್ಟೆ ಗಿರಣಿಗಳ ಎಂಜಿನಿಯರ್ ಸ್ಟುವರ್ಟ್ ಕ್ರೇಮರ್. ನೂಲು ಹರಿಯದಂತೆ ಗಾಳಿಗೆ ತೇವ ಸೇರಿಸುವ ಕೆಲಸಕ್ಕೆ ಅವರು ಆ ಪದ ಬಳಸಿದರು. ಕನ್ನಡದ ‘ಹವಾನಿಯಂತ್ರಣ’ ಈ ಮೂಲ ಅರ್ಥಕ್ಕೆ ಹತ್ತಿರವಾಗಿಯೇ ಇದೆ, ಆದರೆ ಅಂಗಡಿಗೆ ಹೋಗಿ ಹವಾನಿಯಂತ್ರಕ ಕೊಡಿ ಎಂದು ಕೇಳುವವರನ್ನು ನಾನಂತೂ ನೋಡಿಲ್ಲ.

ಅಂಗಡಿಗೆ ಹೋದರೆ ಇನ್ನೊಂದು ತಮಾಷೆ ಕಾದಿರುತ್ತದೆ. ‘ಒಂದೂವರೆ ಟನ್ ಎಸಿ’ ಎಂದಾಗ ಆ ಟನ್ನು ಯಂತ್ರದ ತೂಕವಲ್ಲ. ಒಂದು ಅಮೆರಿಕನ್ ಟನ್, ಅಂದರೆ ಸುಮಾರು 907 ಕೆ.ಜಿ. ಮಂಜುಗಡ್ಡೆ 24 ಗಂಟೆಗಳಲ್ಲಿ ಕರಗುವಾಗ ಎಷ್ಟು ಶಾಖ ಹೀರಿಕೊಳ್ಳುತ್ತದೋ ಅಷ್ಟು ಶಾಖವನ್ನು ಅಷ್ಟೇ ಸಮಯದಲ್ಲಿ ಹೊರಹಾಕುವ ಸಾಮರ್ಥ್ಯಕ್ಕೆ ಒಂದು ಟನ್ ಎಂದು ಹೆಸರು. ಈಗಿನ ಲೆಕ್ಕದಲ್ಲಿ ಸುಮಾರು 3.5 ಕಿಲೋವಾಟ್. ಮಂಜುಗಡ್ಡೆ ಮಾರುತ್ತಿದ್ದ ಕಾಲದ ಅಳತೆ ಯಂತ್ರಕ್ಕೆ ಅಂಟಿಕೊಂಡು ಬಂದಿದೆ.

ಈ ಮೂರನೆಯ ಎಸಿ ನಮ್ಮಲ್ಲಿ ಯಂತ್ರವಷ್ಟೇ ಆಗಿ ಉಳಿಯಲಿಲ್ಲ, ದರ್ಜೆಯೂ ಆಯಿತು. ಎಸಿ ಬಸ್ಸು, ಎಸಿ ಬೋಗಿ, ಎಸಿ ಹಾಲ್, ನಾನ್ ಎಸಿ ರೂಮು. ಹೋಟೆಲಿನಲ್ಲಿ ಅದೇ ಮಸಾಲೆ ದೋಸೆಗೆ ಕೆಳಗೊಂದು ದರ, ಮೇಲಿನ ಎಸಿ ಹಾಲಿನಲ್ಲಿ ಇನ್ನೊಂದು ದರ. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗ ಈ ದರ್ಜೆಗೆ ಕಾನೂನಿನ ಮುದ್ರೆಯೂ ಬಿತ್ತು: ಎಸಿ ಇಲ್ಲದ ಹೋಟೆಲಿನ ಊಟಕ್ಕೆ ಶೇ 12, ಎಸಿ ಇರುವ ಹೋಟೆಲಿಗೆ ಶೇ 18. ಹೋಟೆಲಿನ ಯಾವುದೋ ಒಂದು ಭಾಗಕ್ಕೆ ಎಸಿ ಇದ್ದರೂ ಇಡೀ ಹೋಟೆಲಿಗೆ ಹೆಚ್ಚಿನ ದರ ಎಂಬ ವಿವರಣೆ ಬಂದದ್ದರಿಂದ, ಫ್ಯಾನಿನ ಕೆಳಗೆ ಬೆವರುತ್ತ ಊಟ ಮಾಡಿದವರೂ ಮೇಲಿನ ಮಹಡಿಯ ತಂಪಿಗೆ ತೆರಿಗೆ ಕಟ್ಟಿದರು. ಅದೇ ವರ್ಷ ನವೆಂಬರ್ 15ರಿಂದ ಸಾಮಾನ್ಯ ಹೋಟೆಲುಗಳಿಗೆಲ್ಲ ಶೇ 5 ಎಂದು ಮಾಡಿದ ಮೇಲೆ ಬಿಲ್ಲಿನಲ್ಲಿ ಆ ಎರಡಕ್ಷರಕ್ಕಿದ್ದ ಬೆಲೆ ಹೋಯಿತು.

ತಂಪಿನ ಎಸಿಯ ನೇರ ವಿರುದ್ಧ ದಿಕ್ಕಿನಲ್ಲಿ ನಿಂತಿರುವ ಎಸಿ ಒಂದಿದೆ: ಎಸಿ ಶೀಟ್. ಇಲ್ಲಿ ಎಸಿ ಎಂದರೆ ಆಸ್‌ಬೆಸ್ಟಾಸ್ ಸಿಮೆಂಟ್, ಕಲ್ನಾರಿನ ಎಳೆಗಳನ್ನು ಸಿಮೆಂಟಿನಲ್ಲಿ ಬೆರೆಸಿ ಮಾಡಿದ ಅಲೆಯಲೆ ಹಾಳೆ. ಕೋಳಿ ಫಾರಂ, ರೇಷ್ಮೆ ಹುಳು ಮನೆ, ಗ್ಯಾರೇಜು, ಪಟ್ಟಣದ ಅಂಚಿನ ಬಾಡಿಗೆ ವಠಾರ ಎಲ್ಲೆಲ್ಲೂ ಇರುವುದು ಇದೇ. ಮಾರ್ಚ್ ಬಂತೆಂದರೆ ಮಧ್ಯಾಹ್ನ ಅದರ ಕೆಳಗೆ ಕೂರಲಾಗುವುದಿಲ್ಲ. ಬಾಡಿಗೆ ಮನೆ ಹುಡುಕುವವರಿಗೆ ‘ಎಸಿ ಶೀಟ್ ಮನೆ’ ಎಂದರೆ ಏನೆಂದು ತಕ್ಷಣ ಗೊತ್ತಾಗುತ್ತದೆ. ಆದರೆ ಆ ಎರಡಕ್ಷರದ ಹಿಂದೆ ಕಲ್ನಾರು ಇದೆ ಎಂಬುದು ಅಷ್ಟೇ ಜನರಿಗೆ ಗೊತ್ತಿದೆಯೇ ಎಂಬುದು ಬೇರೆ ಪ್ರಶ್ನೆ. ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರಿಗೆ ಕಾರಣವಾಗಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳುತ್ತದೆ, ಹಲವಾರು ದೇಶಗಳು ಅದನ್ನು ನಿಷೇಧಿಸಿವೆ. ಹಾಳೆಯನ್ನು ಕೊಯ್ಯುವಾಗ, ತೂತು ಕೊರೆಯುವಾಗ, ಹಳೆಯದನ್ನು ಒಡೆದು ಇಳಿಸುವಾಗ ಏಳುವ ದೂಳು ಅಪಾಯಕಾರಿ. ನನ್ನ ಅಭಿಪ್ರಾಯ ಇಷ್ಟು: ಅಂದಾಜುಪಟ್ಟಿಯಲ್ಲಿ ‘ಎ.ಸಿ. ಶೀಟ್’ ಎಂದು ಬರೆಯುವ ಬದಲು ‘ಕಲ್ನಾರು ಸಿಮೆಂಟ್ ಹಾಳೆ’ ಎಂದು ಬರೆದಿದ್ದರೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೊಯ್ಯುವ ಕೆಲಸಗಾರರ ಸಂಖ್ಯೆ ಹೆಚ್ಚಿರುತ್ತಿತ್ತು. ಸಂಕ್ಷೇಪ ಜಾಗ ಉಳಿಸುತ್ತದೆ, ನಿಜ. ಕೆಲವೊಮ್ಮೆ ಎಚ್ಚರಿಕೆಯನ್ನೂ ನುಂಗಿಬಿಡುತ್ತದೆ.

ಬ್ಯಾಂಕಿನ ಎಸಿಯನ್ನು ಬೇಗ ದಾಟಿಬಿಡೋಣ. ಅದು ಅಕೌಂಟ್, ಇಂಗ್ಲಿಷಿನಲ್ಲಿ ಬರೆಯುವಾಗ ನಡುವೆ ಓರೆಗೆರೆ ಇರುತ್ತದೆ. ಚೆಕ್ಕಿನ ಎಡಮೂಲೆಯಲ್ಲಿ ಎರಡು ಸಮಾನಾಂತರ ಗೆರೆ ಎಳೆದು ‘ಅಕೌಂಟ್ ಪೇಯಿ’ ಎಂದು ಬರೆದರೆ ಹಣ ನಗದಾಗಿ ಯಾರ ಕೈಗೂ ಹೋಗದೆ ಹೆಸರಿದ್ದವರ ಖಾತೆಗೇ ಸೇರಬೇಕು. ಸರ್ಕಾರದ ಖಜಾನೆಯಲ್ಲಿ ಎಸಿ ಬಿಲ್ ಎಂಬುದು ಇದಕ್ಕೆ ಸಂಬಂಧವೇ ಇಲ್ಲದ ಇನ್ನೊಂದು: ಅಬ್‌ಸ್ಟ್ರಾಕ್ಟ್ ಕಂಟಿಂಜೆಂಟ್ ಬಿಲ್, ತುರ್ತು ಖರ್ಚಿಗೆ ವಿವರವಾದ ರಸೀದಿಗಳಿಲ್ಲದೆ ಮೊದಲು ಹಣ ಪಡೆದು ಆಮೇಲೆ ವಿವರ ಸಲ್ಲಿಸುವ ವ್ಯವಸ್ಥೆ. ವಿವರ ಸಲ್ಲಿಕೆಯಾಗದೆ ಬಾಕಿ ಉಳಿದ ಎಸಿ ಬಿಲ್ಲುಗಳ ಬಗ್ಗೆ ಮಹಾಲೇಖಪಾಲರ ವರದಿಗಳು ಮತ್ತೆ ಮತ್ತೆ ಆಕ್ಷೇಪ ಎತ್ತುತ್ತವೆ. ಪತ್ರಿಕೆಯಲ್ಲಿ ‘ಕೋಟ್ಯಂತರ ರೂಪಾಯಿ ಎಸಿ ಬಿಲ್ ಬಾಕಿ’ ಎಂಬ ಶೀರ್ಷಿಕೆ ಓದಿ ಸರ್ಕಾರಿ ಕಚೇರಿಗಳ ತಂಪಿನ ಖರ್ಚನ್ನು ಶಪಿಸಿದವರು ಇದ್ದರೆ ಅವರನ್ನು ದೂರುವಂತಿಲ್ಲ. ವಕೀಲರ ಎಸಿ ಇಂಗ್ಲೆಂಡಿನ ಅಪೀಲ್ ಕೇಸಸ್ ಎಂಬ ತೀರ್ಪು ಸಂಪುಟ. ಹವಾಮಾನದವರ ಎಸಿ ಆಕಾಶದ ನಡುಮಟ್ಟದಲ್ಲಿ ಚುಕ್ಕೆಚುಕ್ಕೆಯಾಗಿ ಹರಡುವ ಆಲ್ಟೋಕ್ಯುಮುಲಸ್ ಮೋಡ. ಸೈನ್ಯದಲ್ಲಿ ಹೆಸರಿನ ಮುಂದೆ ಬರುವ ಎಸಿ ಎಂದರೆ ಅಶೋಕ ಚಕ್ರ, ಶಾಂತಿಕಾಲದ ಅತ್ಯುನ್ನತ ಶೌರ್ಯ ಪ್ರಶಸ್ತಿ. ಬೆಂಗಳೂರಿನ ಕರ್ನಲ್ ವಸಂತ್ ವೇಣುಗೋಪಾಲ್ ಮತ್ತು ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅವರ ಹೆಸರುಗಳ ಮುಂದೆ ಆ ಎರಡಕ್ಷರ ಇದೆ, ಇಬ್ಬರಿಗೂ ಮರಣೋತ್ತರವಾಗಿ ಬಂದದ್ದು.

ವೈದ್ಯಕೀಯದಲ್ಲಿ ಮಾತ್ರ ಸ್ವಲ್ಪ ಹೊತ್ತು ನಿಲ್ಲಬೇಕು. ಅಲ್ಲಿ ಒಂದೇ ಕ್ಷೇತ್ರದೊಳಗೆ ಎಸಿಗೆ ನಾಲ್ಕು ಅರ್ಥಗಳಿವೆ, ಮತ್ತು ಆ ಕಾಗದಗಳೆಲ್ಲ ಕೊನೆಗೆ ಬಂದು ಸೇರುವುದು ವೈದ್ಯರಲ್ಲದವರ ಕೈಗೆ. ಔಷಧ ಚೀಟಿಯಲ್ಲಿ ಮಾತ್ರೆಯ ಹೆಸರಿನ ಮುಂದೆ ಸಣ್ಣಕ್ಷರದಲ್ಲಿ ಎಸಿ ಎಂದಿದ್ದರೆ ಅದು ಲ್ಯಾಟಿನ್ನಿನ ‘ಆಂಟೆ ಸಿಬುಂ’, ಊಟಕ್ಕೆ ಮುಂಚೆ. ಪಿಸಿ ಎಂದಿದ್ದರೆ ಊಟದ ನಂತರ. ಮೂಳೆ ವೈದ್ಯರು ಎಸಿ ಜಾಯಿಂಟ್ ಎಂದರೆ ಭುಜದ ತುದಿಯಲ್ಲಿ ಕತ್ತಿನ ಕೆಳಗಿನ ಮೂಳೆ ಸೇರುವ ಕೀಲು. ಸ್ತನ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಎಸಿ ಎಂದರೆ ಏಡ್ರಿಯಮೈಸಿನ್ ಮತ್ತು ಸೈಕ್ಲೋಫಾಸ್ಫಮೈಡ್ ಎಂಬ ಎರಡು ಔಷಧಗಳ ಜೋಡಿ. ಅದರಲ್ಲಿ ಮೊದಲನೆಯದು ಕೆಂಪು ಬಣ್ಣದ್ದು.

ನಾಲ್ಕನೆಯದು ಬಹಳ ಮನೆಗಳಲ್ಲಿ ಓದಲ್ಪಡುವಂಥದ್ದು. ಗರ್ಭಿಣಿಯ ಸ್ಕ್ಯಾನಿಂಗ್ ವರದಿಯನ್ನು ಎದುರಿಗೆ ಇಟ್ಟುಕೊಂಡು ನೋಡಿ. ನಡುವೆ ಒಂದು ಸಣ್ಣ ಕೋಷ್ಟಕ. ಅದರಲ್ಲಿ ಬಿಪಿಡಿ, ಎಚ್‌ಸಿ, ಎಸಿ, ಎಫ್‌ಎಲ್ ಎಂದು ನಾಲ್ಕು ಸಾಲು. ಪ್ರತಿಯೊಂದರ ಮುಂದೆ ಅಳತೆ, ಅದರ ಮುಂದೆ ಆ ಅಳತೆಗೆ ಎಷ್ಟು ವಾರ ಎಷ್ಟು ದಿನದ ಬೆಳವಣಿಗೆ ಎಂಬ ಲೆಕ್ಕ. ಬಿಪಿಡಿ ತಲೆಯ ಅಡ್ಡಗಲ, ಎಚ್‌ಸಿ ತಲೆಯ ಸುತ್ತಳತೆ, ಎಸಿ ಹೊಟ್ಟೆಯ ಸುತ್ತಳತೆ, ಎಫ್‌ಎಲ್ ತೊಡೆಮೂಳೆಯ ಉದ್ದ. ಮೂರು ಸಾಲುಗಳಲ್ಲಿ 32 ವಾರ ಎಂದಿದ್ದು ಎಸಿ ಸಾಲಿನಲ್ಲಿ ಮಾತ್ರ 29 ವಾರ ಎಂದಿದ್ದರೆ ವೈದ್ಯರು ಆ ಸಾಲನ್ನೇ ಮತ್ತೆ ನೋಡುತ್ತಾರೆ. ಪೋಷಣೆ ಕಡಿಮೆಯಾದಾಗ ಮಗುವಿನ ದೇಹ ಮಿದುಳಿಗೆ ಆದ್ಯತೆ ಕೊಡುತ್ತದೆ, ಯಕೃತ್ತಿನಲ್ಲಿರುವ ದಾಸ್ತಾನು ಕರಗುತ್ತದೆ, ಹೊಟ್ಟೆಯ ಸುತ್ತಳತೆ ಹಿಂದೆ ಬೀಳುತ್ತದೆ. ನಾಲ್ಕು ಸಾಲುಗಳಲ್ಲಿ ಮೊದಲು ಸುದ್ದಿ ಹೇಳುವುದು ಬಹುಮಟ್ಟಿಗೆ ಎಸಿಯೇ. ಇಷ್ಟು ಮುಖ್ಯವಾದ ಸಾಲನ್ನು ವರದಿ ಹಿಡಿದ ಅತ್ತೆಯವರಾಗಲಿ ಗಂಡನಾಗಲಿ ದಾಟಿ ಹೋಗಿ ಕೊನೆಯ ಸಾಲಿನ ತೂಕವನ್ನಷ್ಟೇ ಓದುತ್ತಾರೆ, ಏಕೆಂದರೆ ಅದೊಂದೇ ಪೂರ್ತಿ ಪದದಲ್ಲಿರುತ್ತದೆ. ಪಕ್ಕದ ಸಾಲಿನ ಎಚ್‌ಸಿ ಠಾಣೆಯಲ್ಲಿ ಹೆಡ್ ಕಾನ್‌ಸ್ಟೆಬಲ್, ವಕೀಲರ ಕೊಠಡಿಯಲ್ಲಿ ಹೈಕೋರ್ಟು ಎಂಬುದನ್ನು ಬೇರೆ ಹೇಳಬೇಕಿಲ್ಲ.

ವೈದ್ಯಕೀಯ ಕ್ಷೇತ್ರ ಈ ಅಪಾಯವನ್ನು ಅರಿಯದೆ ಕುಳಿತಿಲ್ಲ. ಅಮೆರಿಕದಲ್ಲಿ ಆಸ್ಪತ್ರೆಗಳಿಗೆ ಮಾನ್ಯತೆ ನೀಡುವ ಜಾಯಿಂಟ್ ಕಮಿಷನ್ 2004ರಲ್ಲಿ ‘ಬಳಸಬಾರದ’ ಸಂಕ್ಷೇಪಗಳ ಪಟ್ಟಿಯೊಂದನ್ನು ಜಾರಿಗೆ ತಂದಿತು. ಅದರಲ್ಲಿ ಎಂಎಸ್ ಇದೆ, ಏಕೆಂದರೆ ನೋವು ಶಮನದ ಮಾರ್ಫಿನ್ ಸಲ್ಫೇಟ್ ಕೂಡ ಎಂಎಸ್, ಮೆಗ್ನೀಸಿಯಂ ಸಲ್ಫೇಟ್ ಕೂಡ ಎಂಎಸ್ ಆಗಬಹುದು. ಯೂನಿಟ್ ಎಂಬುದಕ್ಕೆ ಬರೆಯುವ ಇಂಗ್ಲಿಷ್ ಯು ಕೂಡ ಇದೆ, ಏಕೆಂದರೆ ಕೈಬರಹದಲ್ಲಿ ಅದು ಸೊನ್ನೆಯಂತೆ ಕಂಡು ಇನ್ಸುಲಿನ್ ಪ್ರಮಾಣ ಹತ್ತು ಪಟ್ಟಾಗಬಹುದು. ಒಂದು ಕ್ಷೇತ್ರ ತನ್ನದೇ ಸಂಕ್ಷೇಪಗಳನ್ನು ಹೀಗೆ ಹೆಸರಿಸಿ ಹೊರಗಿಟ್ಟ ಇನ್ನೊಂದು ಉದಾಹರಣೆ ನನಗೆ ತಕ್ಷಣ ನೆನಪಾಗುವುದಿಲ್ಲ.

ರಸಾಯನಶಾಸ್ತ್ರದ ವಿದ್ಯಾರ್ಥಿಗಳು ಇಲ್ಲಿದ್ದಾರೆ, ಅವರು ಇಷ್ಟು ಹೊತ್ತಿಗೆ ಆಕ್ಟಿನಿಯಂ ಎಂದು ಮನಸ್ಸಿನಲ್ಲೇ ಹೇಳಿಕೊಂಡಿರಬೇಕು. ಪರಮಾಣು ಸಂಖ್ಯೆ 89. 1899ರಲ್ಲಿ ಫ್ರಾನ್ಸಿನ ಆಂದ್ರೆ ಡೆಬಿಯೆರ್ನ್ ಕಂಡುಹಿಡಿದ ವಿಕಿರಣಶೀಲ ಧಾತು. ಅದರ 225 ಸಂಖ್ಯೆಯ ಸಮಸ್ಥಾನಿಯ ಅರ್ಧಾಯುಷ್ಯ ಸುಮಾರು ಹತ್ತು ದಿನ, ಕ್ಯಾನ್ಸರ್ ಕೋಶಗಳನ್ನು ಆಲ್ಫಾ ಕಣಗಳಿಂದ ಗುರಿಯಿಟ್ಟು ಹೊಡೆಯುವ ಚಿಕಿತ್ಸೆಯಲ್ಲಿ ಈಗ ಅದಕ್ಕೆ ಬೇಡಿಕೆ ಇದೆ. ಆದರೆ ಸಾವಯವ ರಸಾಯನದ ಅಧ್ಯಾಪಕರು ಅದೇ ಎರಡಕ್ಷರವನ್ನು ಅಸಿಟೈಲ್ ಗುಂಪಿಗೆ ಬರೆಯುತ್ತಾರೆ. ಇಬ್ಬರೂ ಮೊದಲಕ್ಷರ ದೊಡ್ಡದು, ಎರಡನೆಯದು ಸಣ್ಣದು ಎಂದೇ ಬರೆಯುತ್ತಾರೆ. ಆದರೂ ಜಗಳವಿಲ್ಲ, ಏಕೆಂದರೆ ಆಕ್ಟಿನಿಯಂ ಬರುವ ಕಡೆ ಅಸಿಟೈಲ್ ಗುಂಪು ಬರುವುದು ತೀರ ವಿರಳ.

ದೊಡ್ಡಕ್ಷರ, ಸಣ್ಣಕ್ಷರದ ಮಾತು ಬಂದದ್ದರಿಂದ ಕನ್ನಡದ ವಿಶೇಷ ತೊಂದರೆಯೊಂದನ್ನು ಹೇಳಬೇಕು. ಇಂಗ್ಲಿಷ್ ಬರವಣಿಗೆಯಲ್ಲಿ ಈ ಎಸಿಗಳು ಪೂರ್ತಿ ಒಂದೇ ರೂಪದವಲ್ಲ. ಅಧಿಕಾರಿಗೂ ಪ್ರವಾಹಕ್ಕೂ ಎರಡೂ ದೊಡ್ಡಕ್ಷರ, ಧಾತುವಿಗೆ ಒಂದು ದೊಡ್ಡದು ಒಂದು ಸಣ್ಣದು, ಔಷಧ ಚೀಟಿಯಲ್ಲಿ ಎರಡೂ ಸಣ್ಣವು, ನಡುವೆ ಚುಕ್ಕಿ, ಖಾತೆಗೆ ಓರೆಗೆರೆ, ಕ್ರಯಪತ್ರದಲ್ಲಿ ಎಕರೆಗೆ ಒಂದು ದೊಡ್ಡದು, ಒಂದು ಸಣ್ಣದು, ಮುಂದೆ ಚುಕ್ಕಿ. ಓದುವ ಕಣ್ಣಿಗೆ ಈ ಸಣ್ಣ ಗುರುತುಗಳು ಅರ್ಧ ದಾರಿ ತೋರಿಸುತ್ತವೆ. ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬುದೇ ಇಲ್ಲ. ಕಿವಿಯಲ್ಲಿ ಕೇಳಿದ್ದನ್ನು ನಾವು ‘ಎಸಿ’ ಎಂದು ಬರೆದ ಕೂಡಲೇ ಆ ಗುರುತುಗಳೆಲ್ಲ ಅಳಿಸಿ ಹೋಗುತ್ತವೆ. ಇಂಗ್ಲಿಷಿನಲ್ಲಿ ಐದಾರು ರೂಪಗಳಾಗಿದ್ದದ್ದು ಕನ್ನಡಕ್ಕೆ ಬರುವಾಗ ಒಂದೇ ಆಗುತ್ತದೆ. ಅಂದರೆ ಇಂಗ್ಲಿಷ್ ಸಂಕ್ಷೇಪವನ್ನು ಎರವಲು ತಂದವರು ಮೂಲಕ್ಕಿಂತ ಹೆಚ್ಚು ಗೊಂದಲವಿರುವ ವಸ್ತುವನ್ನು ತಂದಿದ್ದೇವೆ.

ಕನ್ನಡ ತನ್ನದೇ ರೀತಿಯಲ್ಲಿ ಸಂಕ್ಷೇಪಿಸುವಾಗ ಈ ತೊಂದರೆ ಇಲ್ಲ ಎಂಬುದನ್ನು ನಮ್ಮ ಸಾಹಿತಿಗಳ ಹೆಸರುಗಳೇ ತೋರಿಸುತ್ತವೆ. ಕುವೆಂಪು, ಅನಕೃ, ತರಾಸು, ಪುತಿನ, ತೀನಂಶ್ರೀ ಇವರಲ್ಲಿ ಯಾರನ್ನು ಯಾರೊಂದಿಗೂ ಬೆರೆಸಲಾಗದು. ಕಾರಣ, ಇಲ್ಲಿ ತೆಗೆದುಕೊಳ್ಳುವುದು ಬರಿಯ ಮೊದಲ ಧ್ವನಿಯನ್ನಲ್ಲ, ಸ್ವರ ಸೇರಿದ ಇಡೀ ಅಕ್ಷರವನ್ನು. ಒತ್ತಕ್ಷರಗಳನ್ನು ಬಿಟ್ಟು ಕಾಗುಣಿತದ ಅಕ್ಷರಗಳನ್ನಷ್ಟೇ ಎಣಿಸಿದರೂ 400ಕ್ಕೂ ಹೆಚ್ಚು. ಎರಡೆರಡಾಗಿ ಜೋಡಿಸಿದರೆ ಒಂದೂವರೆ ಲಕ್ಷ ದಾಟುತ್ತದೆ. 676 ಎಲ್ಲಿ, ಒಂದೂವರೆ ಲಕ್ಷ ಎಲ್ಲಿ! ಬಿಎಂಶ್ರೀ ಎಂಬ ಹೆಸರು ಮಾತ್ರ ಎರಡು ಇಂಗ್ಲಿಷ್ ಅಕ್ಷರ, ಒಂದು ಕನ್ನಡ ಅಕ್ಷರ ಸೇರಿಸಿಕೊಂಡು ಎರಡು ದೋಣಿಯಲ್ಲೂ ಕಾಲಿಟ್ಟಿದೆ. ಕೆಎಸ್‌ಆರ್‌ಟಿಸಿ ಎಂಬ ಹೆಸರು ಯಾರದ್ದು ಎಂದು ಕರ್ನಾಟಕ ಮತ್ತು ಕೇರಳದ ಸಾರಿಗೆ ನಿಗಮಗಳು ವರ್ಷಗಟ್ಟಲೆ ಕಾನೂನು ಹೋರಾಟ ನಡೆಸಿದ್ದು ನಿಮಗೆ ನೆನಪಿರಬಹುದು. ಕನ್ನಡದ ಕ್ರಮದಲ್ಲಿ ಹೆಸರಿಟ್ಟಿದ್ದರೆ ಒಂದು ‘ಕ’ದಿಂದ, ಇನ್ನೊಂದು ‘ಕೇ’ಯಿಂದ ಶುರುವಾಗುತ್ತಿತ್ತು; ವಕೀಲರ ಶುಲ್ಕ ಉಳಿಯುತ್ತಿತ್ತು.

ಮಾತು ಮುಗಿದ ಮೇಲೆ ಬಂದ ಮೊದಲ ಪ್ರಶ್ನೆ ನ್ಯಾಯವಾದದ್ದೇ: ಸಂದರ್ಭ ನೋಡಿದರೆ ಅರ್ಥ ತಾನೇ ತಿಳಿಯುತ್ತದಲ್ಲ, ಇಷ್ಟು ಚಿಂತೆ ಏಕೆ? ಮಾತಿನಲ್ಲಿ ಚಿಂತೆ ಬೇಡ ಎಂದೇ ನನ್ನ ಉತ್ತರ. ‘ಎಸಿ ಹಾಕಪ್ಪ’ ಎಂದರೆ ಯಾರೂ ಉಪವಿಭಾಗಾಧಿಕಾರಿಯನ್ನು ಹುಡುಕುವುದಿಲ್ಲ. ಆದರೆ ಸಂದರ್ಭ ಎಂಬುದು ಒಳಗಿನವರ ಆಸ್ತಿ. ಕಾಗದವು ಕೌಂಟರಿನ ಆ ಕಡೆಯಿಂದ ಈ ಕಡೆಗೆ ಬಂದಾಗ ಸಂದರ್ಭ ಅದರ ಜೊತೆ ಬರುವುದಿಲ್ಲ. ನೋಟಿಸಿನ ಒಂದೇ ಪುಟದಲ್ಲಿ ಸರ್ವೆ ನಂಬರಿನ ಮುಂದೆ ‘ಎ’ ಎಂದರೆ ಎಕರೆ, ‘ಗುಂ’ ಎಂದರೆ ಗುಂಟೆ, ‘ಎಂ.ಆರ್.’ ಎಂದರೆ ಖಾತೆ ಬದಲಾವಣೆಯ ವಹಿ, ‘ಆರ್‌ಟಿಸಿ’ ಎಂದರೆ ಪಹಣಿ. ಅದನ್ನು ಕೈಯಲ್ಲಿ ಹಿಡಿದವರಿಗೆ 60 ದಿನಗಳ ಗಡುವು ಓಡುತ್ತಿರುತ್ತದೆ. ಕೌಂಟರು ದಾಟುವ ಕಾಗದದಲ್ಲಿ ಮೊದಲ ಸಲವಾದರೂ ಪೂರ್ತಿ ಪದ ಬರೆಯಿರಿ ಎಂದಷ್ಟೇ ನಾನು ಕೇಳುವುದು.

ಎರಡನೆಯ ಪ್ರಶ್ನೆ, ಹಾಗಾದರೆ ಉಪವಿಭಾಗಾಧಿಕಾರಿಗೆ ‘ಉವಿಅ’ ಎಂದು ಮಾಡಬಹುದಲ್ಲ ಎಂಬುದು. ಮಾಡಬಹುದು, ಆದರೆ ಉಚ್ಚರಿಸಿ ನೋಡಿ. ಕುವೆಂಪು ಎಂಬುದು ನಾಲಿಗೆಗೆ ಒಂದು ಪದವಾಗಿ ಕೂತದ್ದರಿಂದ ಉಳಿಯಿತು. ಸುತ್ತೋಲೆ ಹೊರಡಿಸಿ ಉಳಿಸಿದ್ದಲ್ಲ. ಜನ ಎಸಿ ಸಾಹೇಬರು ಎಂದೇ ಕರೆಯಲಿ, ನೋಟಿಸು ಉಪವಿಭಾಗಾಧಿಕಾರಿ ಎಂದು ಹೇಳಲಿ.

ಕೊನೆಯದಾಗಿ ವಿಜ್ಞಾನ ವಿಭಾಗದ ವಿದ್ಯಾರ್ಥಿನಿಯೊಬ್ಬರು ಮನೆಯ ಛಾವಣಿಯ ಸೌರ ವಿದ್ಯುತ್ ಘಟಕದ ಬಗ್ಗೆ ಕೇಳಿದರು. ಅಲ್ಲಿ ಎಸಿಡಿಬಿ, ಡಿಸಿಡಿಬಿ ಎಂದು ಬರೆದ ಎರಡು ಪೆಟ್ಟಿಗೆಗಳಿರುತ್ತವೆ. ಅವಕ್ಕೆ ಕನ್ನಡದಲ್ಲಿ ಏನು ಬರೆಯಬೇಕು? ಆ ಅಕ್ಷರಗಳನ್ನು ತೆಗೆಯಬೇಡಿ ಎಂದೆ, ದುರಸ್ತಿಗೆ ಬರುವವರು ಓದುವುದು ಅವನ್ನೇ. ಅವುಗಳ ಪಕ್ಕದಲ್ಲಿ ‘ಮನೆಯ ಕಡೆಯ ಕರೆಂಟು’, ‘ಪ್ಯಾನಲ್ ಕಡೆಯ ಕರೆಂಟು’ ಎಂದು ದಪ್ಪಕ್ಷರದಲ್ಲಿ ಬರೆಸಿ. ಮೇನ್ ಸ್ವಿಚ್ ಆರಿಸಿದರೆ ಮನೆಯ ಕಡೆಯದು ನಿಲ್ಲುತ್ತದೆ. ಪ್ಯಾನಲ್‌ಗಳಿಂದ ಇಳಿದು ಬರುವ ಡಿಸಿ ತಂತಿಗಳಲ್ಲಿ ಬಿಸಿಲಿರುವಷ್ಟು ಹೊತ್ತೂ ವೋಲ್ಟೇಜು ಇದ್ದೇ ಇರುತ್ತದೆ. ಪ್ಯಾನಲ್ ತೊಳೆಯಲು ಬಕೆಟ್ ಹಿಡಿದು ಛಾವಣಿ ಹತ್ತಿದವರಿಗೆ ತಿಳಿದಿರಬೇಕಾದದ್ದು ಅದು, ಪೆಟ್ಟಿಗೆಯ ಮೇಲಿನ ನಾಲ್ಕು ಅಕ್ಷರಗಳು ಅದನ್ನು ಹೇಳುವುದಿಲ್ಲ.